ಐದನೆಯ ಪೆಟ್ಟು

ಶಿವರಾತ್ರಿ ಕಳೆದು ಹನ್ನೆರಡನೇ ದಿನ, ಹೊಂಗೆಯ ಮರಗಳು ಹಳೆಯ ಎಲೆ ಕೊಡವಿ ಚಿಗುರು ಹೊದ್ದುಕೊಂಡಿದ್ದ ಕಾಲ, ಬೆಳಕು ಹರಿಯಲು ಇನ್ನೂ ಒಂದು ಗಳಿಗೆ ಇರುವಾಗ ಅಂಜಿನಮ್ಮ ನನ್ನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಮಜ್ಜಿಗೆಯ ತಂಬಿಗೆ, ಕಂಕುಳಲ್ಲಿ ಸುತ್ತಿದ ಗೋಣಿಚೀಲ. ಅವಳ ಹಿಂದೆ ನಾಲ್ಕು ಮಾರು ಬಿಟ್ಟು ಅವಳ ಅತ್ತೆ ದುರ್ಗವ್ವ, ಸೊಸೆಯ ನೆರಳೂ ತಾಕಬಾರದು ಅನ್ನುವ ಹಾಗೆ ನಿಂತಿದ್ದಳು.

"ಏಳು ಓಬಜ್ಜ, ಹಕ್ಕಿಗಳು ನಿನ್ನಂಗೆ ಮಲಗಿರಕಿಲ್ಲ" ಅಂದಳು ಅಂಜಿನಮ್ಮ.

"ಎದ್ದೇ ಇದೀನಿ ಕಣವ್ವ. ಈ ವಯಸ್ನಾಗೆ ನಿದ್ದೆ ಯಾರ ಮನೇಲಿ ಐತೆ" ಅಂದೆ. ಕೋಲು ತಗೊಂಡು ಹೊರಟೆ. ಮೂವರೂ ಕ್ವಾರಿಯ ಕಡೆ ನಡೆದೆವು.

ನಮ್ಮೂರಿನ ಕಲ್ಲುಕುಟಿಗ ಎಲ್ಲಿ ಸತ್ತರೂ ಸರಿ, ಹದಿನೈದು ದಿನದೊಳಗೆ ಅವನ ಸುತ್ತಿಗೆಯ ಪೆಟ್ಟನ್ನು ಕ್ವಾರಿಯ ಯಾವುದಾದರೂ ಒಂದು ಹಕ್ಕಿ ಎತ್ತಿಕೊಳ್ಳುತ್ತದೆ. ಗೊರವಂಕವೋ ಪಿಕಳಾರವೋ ಹೇಳಲಾಗದು. ಕೊರಳಿನಿಂದ ಚಾಣದ ಮೇಲೆ ಸುತ್ತಿಗೆ ಬಿದ್ದ ಸದ್ದೇ ಬರುತ್ತದೆ. ಅದಕ್ಕೇ ನಮ್ಮೂರಿಗೆ ಸಾವಿನ ಕಾಗದ ಬರುವುದಿಲ್ಲ, ಬಂದರೂ ಯಾರೂ ಒಡೆದು ಓದುವುದಿಲ್ಲ. ಮಕ್ಕಳಿಗೆ ಕವಣೆ ಕೊಡುವುದಿಲ್ಲ. ಬೆಕ್ಕು ಸಾಕಿದವರನ್ನು ಒಂದು ಥರ ನೋಡುತ್ತಾರೆ. ಚೌಡಕ್ಕನ ಮೊದಲ ಗಂಡನನ್ನು ಎತ್ತಿಕೊಂಡ ಗೊರವಂಕ ಆಗಾಗ ಅವಳ ಮನೆಯ ಮಾಡಿನ ಮೇಲೆ ಬಂದು ಕುಟ್ಟುತ್ತದೆ. ಎರಡನೇ ಗಂಡ ಊಟದ ತಟ್ಟೆ ಬಿಟ್ಟೆದ್ದು, "ಬಂದ ನೋಡು ನಿನ್ ಯಜಮಾನ, ಅವನಿಗೂ ಒಂದು ಮುದ್ದೆ ಇಕ್ಕು" ಎಂದು ಹೊರಗೆ ಹೋಗಿ ಕೂರುತ್ತಾನೆ. ಹೊರಗಿನಿಂದ ಬಂದ ಮೇಷ್ಟ್ರು ಒಬ್ಬರು ಮೊದಲ ವಾರವೇ ಇದನ್ನೆಲ್ಲ ಕೇಳಿ ವರ್ಗ ಮಾಡಿಸಿಕೊಂಡು ಹೋದರು. ಅವರ ಮನೆಯ ಹಿಂದಿನ ನುಗ್ಗೆಮರದಲ್ಲಿ ನಮ್ಮ ದೊಡ್ಡಪ್ಪ ಇದ್ದ.

ಒಬ್ಬೊಬ್ಬ ಕೆಲಸಗಾರನ ಪೆಟ್ಟು ಒಂದೊಂದು ಥರ, ನಡಿಗೆ ಇದ್ದ ಹಾಗೆ. ಆದರೆ ಕಲಿಸಿದ ಗುರುವಿನ ಗುರುತು ಒಂದು ಅದರಲ್ಲಿ ಇದ್ದೇ ಇರುತ್ತದೆ. ನನ್ನ ಕೈಯಲ್ಲಿ ಕಲಿತವರೆಲ್ಲ ನಾಲ್ಕು ಪೆಟ್ಟು ಹೊಡೆದು, ತುಸು ತಡೆದು, ಐದನೆಯದನ್ನು ಹಗುರವಾಗಿ ಹೊಡೆಯುತ್ತಿದ್ದರು. ಅದು ಕಲ್ಲಿಗಲ್ಲ, ಚಾಣದ ಬಾಯಿಗೆ ಕಟ್ಟಿದ ಧೂಳು ಉದುರಲಿ ಅಂತ. ಆ ಐದನೆಯದು ಇದ್ದರೆ ಓಬಣ್ಣನ ಶಿಷ್ಯ ಅಂತ ಸುತ್ತಲಿನ ಹತ್ತು ಕ್ವಾರಿಯಲ್ಲಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಅದಕ್ಕೇ ನನ್ನ ಶಿಷ್ಯರಲ್ಲಿ ಯಾರು ಸತ್ತರು, ಯಾರು ಸತ್ತಿಲ್ಲ ಅಂತ ಹೇಳುವ ಮಾತು ನನ್ನದು. ಆವರೆಗೆ ನಲವತ್ತೊಂದು ಹೆಸರು ಹೇಳಿದ್ದೆ. ಒಂದೂ ಸುಳ್ಳಾಗಿರಲಿಲ್ಲ.

ಅಂಜಿನಮ್ಮನ ಗಂಡ ಗಾಳೆಪ್ಪ ನನ್ನ ಕೊನೆಯ ಶಿಷ್ಯ. ಕ್ವಾರಿಯ ತಳದಲ್ಲಿ ನೀರು ಎದ್ದು, ಪಂಪು ಇಟ್ಟರೂ ಬತ್ತದೆ ಕೆಲಸ ನಿಂತ ಮೇಲೆ, ಮಗಳು ನಾಗವೇಣಿ ಹುಟ್ಟಿ ಮೂರು ತಿಂಗಳಿಗೆ, ಕೆಲಸ ಹುಡುಕಿಕೊಂಡು ಬರುತ್ತೇನೆ ಅಂತ ಹೋದವನು ಬರಲಿಲ್ಲ. ಏಳು ವರ್ಷ ಕಳೆದವು. ಏಳು ವರ್ಷ ಕಾದ ಹೆಂಗಸಿಗೆ ನಮ್ಮೂರು ಒಂದು ದಿನ ಕೊಡುತ್ತದೆ, ಒಂದೇ ದಿನ. ಅವಳು, ಗಂಡನ ಕಡೆಯವರೊಬ್ಬರು, ಅವನಿಗೆ ಕಲಿಸಿದ ಗುರು, ಮೂವರು ಬೆಳಗಿನಿಂದ ಸಂಜೆಯವರೆಗೆ ಕ್ವಾರಿಯ ಅಂಚಿನಲ್ಲಿ ಕೂರಬೇಕು. ಅವನ ಪೆಟ್ಟು ಕೇಳಿತು ಅಂತ ಗುರು ಹೇಳಿದರೆ ಅವಳಿಗೆ ಬಿಡುಗಡೆ. ಮಕ್ಕಳನ್ನು ಕರೆದುಕೊಂಡು ಬೇಕಾದಲ್ಲಿಗೆ ಹೋಗಬಹುದು, ಬೇಕಾದವನನ್ನು ಕಟ್ಟಿಕೊಳ್ಳಬಹುದು. ಕೇಳಲಿಲ್ಲ ಅಂದರೆ ಗಂಡ ಬದುಕಿದ್ದಾನೆ, ಅವಳು ಅವನ ಹೆಂಡತಿ. ಆಮೇಲೆ ಊರು ಬಿಟ್ಟರೆ ಮಕ್ಕಳು ಗಂಡನ ಮನೆಗೆ.

ಅಂಜಿನಮ್ಮನಿಗೆ ಹೋಗಲು ಜಾಗವಿತ್ತು. ಪ್ರತಿ ಬೇಸಿಗೆ ಕ್ವಾರಿಯ ಗೋಡೆಗೆ ಕಟ್ಟುವ ಹೆಜ್ಜೇನು ಕೀಳಲು ಸಂಜೀವಿ ಅನ್ನುವವನು ಸೈಕಲ್ಲಿಗೆ ಡಬ್ಬ ಕಟ್ಟಿಕೊಂಡು ಬರುತ್ತಿದ್ದ. ಹೊರಗಿನವನು, ಹೆಚ್ಚು ಮಾತಿಲ್ಲದವನು. ಮೂರು ಬೇಸಿಗೆ ಅವನ ಹಗ್ಗದ ತುದಿ ಹಿಡಿದು ಕೂಲಿ ಮಾಡಿದವಳು ಅಂಜಿನಮ್ಮ. ನೂರು ಅಡಿ ಆಳಕ್ಕೆ ತೂಗಿ ಬಿಟ್ಟವನ ಹಗ್ಗ ಹಿಡಿದವಳಿಗೂ ಅವನಿಗೂ ನಡುವೆ ಏನು ಹುಟ್ಟುತ್ತದೋ ಅದು ಹುಟ್ಟಿತ್ತು. ಅವನೂ ಬಂದು ಊರ ಹೊರಗಿನ ಹುಣಸೆಮರದ ಕೆಳಗೆ ಇಳಿದುಕೊಂಡಿದ್ದ.

ನಾವು ಹೋಗಿ ಕೂತಾಗ ಕ್ವಾರಿಯೊಳಗೆ ಇನ್ನೂ ಕತ್ತಲು ತುಂಬಿತ್ತು. ಕೆಳಗಿನ ನೀರು ಮೊದಲು ಬೆಳಗಾಯಿತು, ಆಮೇಲೆ ಗೋಡೆ. ಮದ್ದು ತುಂಬಲು ಕೊರೆದ ತೂತುಗಳಿಂದ ಪುಟ್ಟ ಹಸಿರು ಕಳ್ಳಿಪೀರಗಳು ಒಂದೊಂದಾಗಿ ಇಣುಕಿ, ತೂತಿನ ಬಾಯಲ್ಲೇ ಮೈ ಕೊಡವಿಕೊಂಡು ಹಾರಿದವು. ನೀಲಿಯ ಮಿಂಚುಳ್ಳಿ ತುಕ್ಕು ಹಿಡಿದ ಪಂಪಿನ ಮೇಲೆ ಕೂತಿತು. ಎಡಕ್ಕೆ ಬೇಲಿಯಿಂದ ಪಿಕಳಾರವೊಂದು ಮೂರು ಗಡಸು ಪೆಟ್ಟು ಹೊಡೆಯಿತು.

"ಬೋರಣ್ಣ" ಅಂದೆ. ಅವನು ನನ್ನ ಕೈಯಲ್ಲಿ ಕಲಿತವನಲ್ಲ. ಕೇಳಿದ ಹೆಸರನ್ನೆಲ್ಲ ಹೇಳುತ್ತಾ ಹೋಗಬೇಕು, ಅದು ಕೂರುವವನ ಕೆಲಸ.

"ಸತ್ರೂ ಅವಸರ ಬಿಡ್ಲಿಲ್ಲ ನೋಡು" ಅಂದಳು ದುರ್ಗವ್ವ.

ಗೊರವಂಕ ಜೋಡಿಯೊಂದು ಬಂತು. ಒಂದು ಅಣ್ಣ, ಒಂದು ತಮ್ಮ. ಬಂಡೆ ಜಾರಿ ಒಂದೇ ದಿನ ಹೋದ ಹುಡುಗರು. ಅವರ ಹೆಸರು ಹೇಳಿದೆ. ಕಾಜಾಣವೊಂದು ನನ್ನ ಸ್ವಂತ ಭಾವಮೈದುನನ ಪೆಟ್ಟು ಹೊಡೆದು, ಹಾರುತ್ತಿದ್ದ ಮಿಡತೆಯನ್ನು ಕಚ್ಚಿಕೊಂಡು ಹೋಯಿತು. ಅವನ ಹೆಸರನ್ನೂ ಹೇಳಿದೆ. ಹೀಗೆ ಬಿಸಿಲೇರುವ ಹೊತ್ತಿಗೆ ಹದಿನೇಳು ಹೆಸರಾಯಿತು. ಗಾಳೆಪ್ಪ ಇರಲಿಲ್ಲ. ನಾನು ಒಂದೊಂದು ಹೆಸರು ಹೇಳಿದಾಗಲೂ ಅಂಜಿನಮ್ಮ ಮುಖ ಎತ್ತಿ ಆಮೇಲೆ ತಗ್ಗಿಸುತ್ತಿದ್ದಳು. ದುರ್ಗವ್ವ ಅದಕ್ಕೆ ಸರಿಯಾಗಿ ಉಸಿರು ಹಿಡಿದು ಬಿಡುತ್ತಿದ್ದಳು. ಒಂದು ಹೆಂಗಸು ಸಾವನ್ನು ಕಾಯುತ್ತಿತ್ತು, ಇನ್ನೊಂದು ಅದು ಬಾರದಿರಲಿ ಅಂತ ಕಾಯುತ್ತಿತ್ತು. ಇಬ್ಬರೂ ಕಾದದ್ದು ಒಬ್ಬನೇ ಗಂಡಸಿಗಾಗಿ.

ಮಧ್ಯಾಹ್ನ ಹಕ್ಕಿಗಳು ನೆರಳು ಸೇರಿದವು. ಆಗ ಹುಳಗಳ ಪಾಳಿ. ಹುಳಗಳನ್ನು ನೋಡುವುದೆಂದರೆ ನನಗೆ ಮೊದಲಿನಿಂದಲೂ ಸಮಾಧಾನ. ಅವು ಯಾರ ಪೆಟ್ಟನ್ನೂ ಹೊರುವುದಿಲ್ಲ. ಕಡಜವೊಂದು ಕೆಳಗಿನ ಕೆಸರಿನಿಂದ ಕಡಲೆಕಾಳಿನಷ್ಟು ಮಣ್ಣು ಕಚ್ಚಿ ತಂದು ಅಂಜಿನಮ್ಮನ ಪಕ್ಕದ ಕಲ್ಲಿಗೆ ಮೆತ್ತುತ್ತಿತ್ತು. ಹೋಗಿ ಬರುವುದಕ್ಕೆ ಎಷ್ಟು ಹೊತ್ತಾಗುತ್ತದೆ ಅಂತ ನಾನು ನೋಡುತ್ತಾ ಕೂತೆ. ಕಲ್ಲುಪುಡಿಯಲ್ಲಿ ಆಲಿಕೆಯ ಹಾಗೆ ಗುಳಿ ಮಾಡಿ ತಳದಲ್ಲಿ ಅಡಗುವ ಹುಳ ಇದೆಯಲ್ಲ, ಅದರ ಗುಳಿಗೆ ಇರುವೆಯೊಂದು ಜಾರಿತು. ಮೇಲೆ ಹತ್ತಿದಷ್ಟೂ ಪುಡಿ ಕುಸಿಯುತ್ತಿತ್ತು. ಅಂಜಿನಮ್ಮ ಕಡ್ಡಿ ಹಿಡಿದು ಇರುವೆಯನ್ನು ಎತ್ತಿ ಹೊರಗೆ ಬಿಟ್ಟಳು.

"ಅದ್ರ ಬಾಯಿನ ತುತ್ತು ಕಿತ್ಕೊಂಡ್ಯಲ್ಲೇ" ಅಂದಳು ದುರ್ಗವ್ವ.

"ಕೂತಲ್ಲೇ ಕೂತು ಬಿದ್ದಿದ್ದನ್ನ ತಿನ್ನೋದಕ್ಕೆ ಇನ್ನೊಂದು ಸಿಗುತ್ತೆ ಬುಡತ್ತೆ" ಅಂದಳು ಅಂಜಿನಮ್ಮ. ತಂಬಿಗೆಯಿಂದ ಮೂವರೂ ಮಜ್ಜಿಗೆ ಕುಡಿದೆವು. ನೀರಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು ಬಾಲ ಅದ್ದಿ ಅದ್ದಿ ಎದ್ದು ಹೋಗುತ್ತಿದ್ದವು. ಎದುರು ಗೋಡೆಯ ಹೆಜ್ಜೇನಿನ ತಟ್ಟಿ, ಬಿಸಿಲಿಗೆ ಮೈ ಜುಮ್ಮೆಂದ ಎಮ್ಮೆಯ ಹಾಗೆ ಒಂದು ಸಲ ಅಲೆಯಾಗಿ ನಡುಗಿತು.

ಬಿಸಿಲು ಎದುರು ಗೋಡೆಯ ಅರ್ಧಕ್ಕೆ ಇಳಿದ ಹೊತ್ತಿನಲ್ಲಿ ಮಡಿವಾಳ ಹಕ್ಕಿಯೊಂದು ಬಂದು, ಕಲ್ಲು ಎತ್ತುತ್ತಿದ್ದ ಹಳೆಯ ಕ್ರೇನಿನ ತುದಿಯಲ್ಲಿ ಕೂತು ಬಾಲ ನಿಮಿರಿಸಿತು. ಹೊಸ ಹಕ್ಕಿ. ಅದುವರೆಗೆ ನಾನು ಕಂಡಿರಲಿಲ್ಲ. ಅದು ಒಂದು ಗಡಸು, ಒಂದು ಹಗುರ, ಮತ್ತೆ ಎರಡು ಗಡಸು ಪೆಟ್ಟು ಹೊಡೆದು ನಿಲ್ಲಿಸಿತು.

ಅಂಜಿನಮ್ಮನ ಕೈಯಿಂದ ತಂಬಿಗೆ ಜಾರಿ ಬಂಡೆಯ ಮೇಲೆ ಉರುಳಿತು. ನಾನು ಕೈ ಎತ್ತಿದೆ. ಗಾಳೆಪ್ಪನ ಮೊದಲ ನಾಲ್ಕು ಪೆಟ್ಟು ಅವೇ. ಐದನೆಯದಕ್ಕೆ ಕಿವಿ ಕೊಟ್ಟೆ. ಬರಲಿಲ್ಲ. ಹಕ್ಕಿ ಮತ್ತೆ ಹೊಡೆಯಿತು, ಮತ್ತೆ ನಾಲ್ಕೇ. ಹೀಗೆ ಎಂಟು ಸಲ.

"ಅಜ್ಜ, ಅದೇ. ಅವ್ನೇ" ಅಂದಳು ಅಂಜಿನಮ್ಮ. ಗುರುತು ಹೇಳುವುದು ಗುರುವೇ, ಹೆಂಡತಿ ಹೇಳುವ ಹಾಗಿಲ್ಲ.

"ಸುಮ್ನಿರವ್ವ. ನಾಕೇ ಹೊಡೀತು."

"ಮನೇಲಿ ನಾಕೇ ಹೊಡೀತಿದ್ದ. ಬಾಗಿಲು ತಟ್ಟಿದ್ರೆ ನಾಕು, ತಟ್ಟೆ ಬಡಿದ್ರೆ ನಾಕು, ಮಗುವಿನ ತೊಟ್ಟಿಲು ಕುಟ್ಟಿದ್ರೂ ನಾಕು. ಅವನ ಪೆಟ್ಟು ಅದೇ ಅಜ್ಜ. ಐದನೇದು ನೀ ನಿಂತಿದ್ರೆ ಮಾತ್ರ."

"ಮನೆ ಪೆಟ್ಟು ಬ್ಯಾರೆ, ಕಲ್ಲಿನ ಪೆಟ್ಟು ಬ್ಯಾರೆ. ನನ್ ಕೈಯಾಗೆ ಕಲ್ತೋನು ಐದು ಬಿಟ್ಟು ಹೊಡೆಯಾಕಿಲ್ಲ."

ಅದು ನನಗೆ ಗೊತ್ತಿದ್ದ ಸತ್ಯ. ಕಲಿಯುವಾಗ ಗಾಳೆಪ್ಪ ಐದನೆಯದನ್ನು ಮರೆಯುತ್ತಿದ್ದ. ಮರೆತಾಗಲೆಲ್ಲ ಕಬ್ಬಿಣದ ಅಳತೆಪಟ್ಟಿಯಿಂದ ಗೆಣ್ಣಿಗೆ ಹೊಡೆದಿದ್ದೆ. ಒಂದು ಸಲ ಉಗುರು ಕಿತ್ತು ಬಂತು. ಬಟ್ಟೆ ಸುತ್ತಿಕೊಂಡು ಅದೇ ಮಧ್ಯಾಹ್ನ ಸಾವಿರ ಸಲ ಐದು ಹೊಡೆದ. ಆಮೇಲೆ ಎಂದೂ ತಪ್ಪಲಿಲ್ಲ. ಅಂಥವನ ಪೆಟ್ಟು ಸಾವಿನಲ್ಲಿ ಒಂದು ಕಡಿಮೆಯಾಗುತ್ತದೆ ಅಂದರೆ ನಾನು ಕಲಿಸಿದ್ದು ಏನು? ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಆ ಹೆಣ್ಣುಮಗಳ ಏಳು ವರ್ಷ ಇರಲಿಲ್ಲ. ಇದ್ದಿದ್ದರೆ ಈಗ ಮುಚ್ಚಿಡುತ್ತಿರಲಿಲ್ಲ.

ದುರ್ಗವ್ವ ಕ್ರೇನಿನ ಕಡೆ ನೋಡುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

"ಅತ್ತೆ, ನೀನಾದ್ರೂ ಹೇಳು" ಅಂದಳು ಅಂಜಿನಮ್ಮ.

"ಗುರು ಇರುವಾಗ ನಂದೇನೈತೆ" ಅಂದಳು ದುರ್ಗವ್ವ.

ಕಳ್ಳಿಪೀರಗಳು ತೂತುಗಳಿಗೆ ಮರಳಿದವು ಅಂದರೆ ಕೂರುವುದು ಮುಗಿಯಿತು. ಊರ ಯಜಮಾನ ಬಯ್ಯಣ್ಣ ನಾಲ್ಕು ಜನರ ಜೊತೆ ಬಂದು ನಿಂತ. ಸಂಜೀವಿಯೂ ಹಿಂದೆ ದೂರದಲ್ಲಿ, ಕೈಯಲ್ಲಿ ಹಗ್ಗದ ಸುರುಳಿ ಹಿಡಿದೇ ನಿಂತಿದ್ದ.

"ಏನಣ್ಣ, ಕೇಳ್ತಾ?" ಅಂದ ಬಯ್ಯಣ್ಣ.

"ಇಲ್ಲ" ಅಂದೆ.

ಅಂಜಿನಮ್ಮ ಅಳಲಿಲ್ಲ. ಉರುಳಿದ್ದ ತಂಬಿಗೆ ಎತ್ತಿಕೊಂಡು ಅದರ ನೆಗ್ಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಸಂಜೀವಿ ಆ ವರ್ಷ ಜೇನು ಕೀಳಲಿಲ್ಲ. ಬರಿಯ ಡಬ್ಬ ಕಟ್ಟಿಕೊಂಡು ಮರುದಿನ ಹೋದ.

ಮಳೆಗಾಲ ಮುಗಿದು, ಅವರೆ ಹೂ ಬಿಡುವ ಕಾಲಕ್ಕೆ ಯಂಕೋಬ ಅನ್ನುವ ಪರವೂರಿನ ಕಲ್ಲುಕುಟಿಗನೊಬ್ಬ ಗಾಳೆಪ್ಪನ ಮನೆ ಕೇಳಿಕೊಂಡು ಬಂದ. ಜಗಲಿಯಲ್ಲಿ ಮೊದಲು ಸಿಕ್ಕವನು ನಾನು. ಚೀಲದಿಂದ ಒಂದು ಸುತ್ತಿಗೆ, ಎರಡು ಚಾಣ ತೆಗೆದು ಇಟ್ಟ. ಒಂದು ಚಾಣದ ತಲೆಯ ಮೇಲೆ ನಾನೇ ಕೊಟ್ಟ ಗುರುತಿತ್ತು.

"ಸಂಕ್ರಾಂತಿ ಆದ ವಾರಕ್ಕೆ ಹೋದ ತಾತ. ಎದೆ ತುಂಬ ಧೂಳು. ಕೊನೆಗೆ ಉಸಿರೇ ಕಲ್ಲಾಗಿತ್ತು."

ಸಂಕ್ರಾಂತಿ ಆದ ವಾರ. ನಾವು ಕೂತದ್ದು ಶಿವರಾತ್ರಿಯ ಆಚೆ. ನಾನು ಬೆರಳು ಮಡಿಸಿ ಲೆಕ್ಕ ಹಾಕಲಿಲ್ಲ, ಅದು ಅದಾಗಿಯೇ ಆಯಿತು.

"ಊರಿಗೆ ಯಾಕೆ ಬರಲಿಲ್ಲ ಅವ್ನು?" ಅಂದೆ.

"ನಾವೂ ಕೇಳಿದ್ವಿ. ಮೊದಲು ನಾಚಿಕೆ, ಕೈಯಾಗೆ ಏನೂ ಇಲ್ದೆ ಹೆಂಗೋಗ್ಲಿ ಅಂತ. ಆಮೇಲೆ ಕಾಯಿಲೆ" ಅಂದ ಯಂಕೋಬ. ಹಾಗಂದವನು ನಕ್ಕ. "ತಮಾಷೆಯೋನು ತಾತ. ನಾಕೇ ಪೆಟ್ಟು ಹೊಡೀತಿದ್ದ. ಚಾಣ ಕಟ್ಕೊಳ್ತಿತ್ತು, ಊಫ್ ಅಂತ ಬಾಯಾಗೆ ಊದೋನು. ಇನ್ನೊಂದು ಹಗುರಕ್ಕೆ ಹೊಡಿಯಯ್ಯ, ಧೂಳು ಉದುರುತ್ತೆ ಅಂದ್ರೆ, ಐದನೇದು ನಮ್ ಗುರುವಿಂದು ಕಣ್ರೋ, ಅದನ್ನ ಊರಲ್ಲೇ ಬಿಟ್ಟು ಬಂದೆ ಅನ್ನೋನು."

ಊದಿದಾಗ ಧೂಳು ಎಲ್ಲಿಗೆ ಹೋಗುತ್ತದೆ ಅಂತ ಕಲ್ಲಿನ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ನಾನು ಅವನಿಗೆ ನೀರು ಕೊಟ್ಟೆ. ಗುರು ನಾನೇ ಅಂತ ಹೇಳಲಿಲ್ಲ.

ಆ ಸಂಜೆ ಬಯ್ಯಣ್ಣನ ಮನೆಗೆ ಹೋದೆ. ಚಾಣಗಳನ್ನು ಅವನ ಮುಂದಿಟ್ಟು, ನನ್ನ ಮಾತು ತಪ್ಪಾಗಿದೆ, ವಾಪಸ್ ತಗೊಳ್ತೀನಿ, ಅಂಜಿನಮ್ಮನನ್ನು ಬಿಡಿ ಅಂದೆ. ಬಯ್ಯಣ್ಣ ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ಅಗಿದ. ಕೆಟ್ಟವನಲ್ಲ ಅವನು.

"ತಗೋಬೌದು ಓಬಣ್ಣ. ಯಾರೂ ಬ್ಯಾಡ ಅನ್ನಕಿಲ್ಲ. ಆದ್ರೆ ಒಂದು ಸಲ ಕಿವಿ ಸುಳ್ಳಾದೋನ ಕಿವಿ ಮೊದ್ಲಿಂದ್ಲೂ ಸುಳ್ಳು. ನಲವತ್ತೊಂದು ಹೆಸರು ಹೇಳಿದೀಯ. ಚೌಡಕ್ಕನ್ನ ಬಿಡಿಸಿದೋನು ನೀನು. ಈಗ ಅವ್ಳ ಮೊದಲ್ನೇ ಗಂಡ ಸತ್ತವ್ನೋ ಇಲ್ವೋ? ಎರಡ್ನೇದು ಮದುವೆನೋ ಏನೋ? ಮೂರು ಮಕ್ಳವೆ, ಅವನ್ನ ಏನಂತ ಕರೀಲಿ? ಹಂಗೆ ಇನ್ನೂ ಹನ್ನೊಂದು ಮನೆ ಅವೆ. ನಾಳೆ ಬೆಳಗ್ಗೆ ಒಂದೊಂದು ಬಾಗಿಲಿಗೂ ಹೋಗಿ ನೀನೇ ಹೇಳ್ತೀಯಾ?"

ಚೌಡಕ್ಕನ ಕಿರಿಯವನು ಹೊರಗೆ ಬೀದಿಯಲ್ಲಿ ಟೈರು ಉರುಳಿಸಿಕೊಂಡು ಹೋಗುವುದು ಕಾಣಿಸಿತು.

"ಅದಿರ್ಲಿ" ಅಂದೆ, "ದುರ್ಗವ್ವ ತಾನೇ ಒಪ್ಪಿ ಸೊಸೇನ ಮಗೂನ ಕಳಿಸಿಕೊಟ್ರೆ?"

"ಅವ್ಳು ಕೊಟ್ರೆ ಊರಿನ ಮಾತೇನು. ಕೇಳ್ಕೋ ಹೋಗು."

ದುರ್ಗವ್ವ ಹಿತ್ತಲಲ್ಲಿ ಅವರೆ ಸುಲಿಯುತ್ತಿದ್ದಳು. ಚಾಣ ನೋಡಿದಳು. ಮುಟ್ಟಲಿಲ್ಲ.

"ಅವತ್ತೇ ಗೊತ್ತಾತು ನಂಗೆ" ಅಂದಳು. "ಮೂರು ವರ್ಷದೋನಿದ್ದಾಗ ನನ್ ಕಂಚಿನ ಲೋಟ ತಗಂಡು ಹಂಗೇ ಕುಟ್ಟೋನು. ನಾಕು. ನಿನ್ ಹತ್ರ ಕಲಿಯೋಕೆ ಬರೋಕೂ ಮುಂಚೆ. ಅವ್ನ ಪೆಟ್ಟು ಹುಟ್ಟಿದ್ದೇ ಹಂಗೆ. ಆದ್ರೆ ನೀನು ಇಲ್ಲ ಅಂದ್ಯಲ್ಲ ಓಬಣ್ಣ. ಊರಿಗೆ ಊರೇ ಕೇಳೋ ಹಂಗೆ ಅಂದೆ. ಅವತ್ತಿಂದ ನನ್ ಮಗ ಬದುಕವ್ನೆ. ಈ ಕಬ್ಬಿಣ ತಗಂಡೋಗು. ಮನೇಲಿ ಮಡಿಕಬ್ಯಾಡ, ನೀರಿಗೆ ಹಾಕು."

ನಾನು ಹಾಗೇ ಮಾಡಿದೆ. ಕ್ವಾರಿಯ ನೀರು ಸುತ್ತಿಗೆಯನ್ನೂ ಚಾಣಗಳನ್ನೂ ನುಂಗಿಕೊಂಡಿತು. ಕ್ರೇನಿನ ತುದಿಯಲ್ಲಿ ಮಡಿವಾಳ ಹಕ್ಕಿ ಇತ್ತು. ನಾನು ಅದರ ಕಡೆ ನೋಡದೆ ಬಂದೆ. ಅಂಜಿನಮ್ಮನಿಗೆ ಮಾತ್ರ ಎಲ್ಲ ಹೇಳಿದೆ, ಯಂಕೋಬ ಹೇಳಿದ್ದನ್ನೂ, ಬಯ್ಯಣ್ಣ ಅಂದದ್ದನ್ನೂ. ನಲ್ಲಿಯ ಹತ್ತಿರ ಬಿಂದಿಗೆ ತುಂಬುವವರೆಗೆ ನಿಂತು ಕೇಳಿದಳು.

"ಹೊಸದೇನು ಹೇಳ್ದೆ ಅಜ್ಜ" ಅಂದಳು. "ಅವತ್ತು ಕೂತಾಗ್ಲೇ ನಾನೆಲ್ಲ ಹೇಳಿದ್ನಲ್ಲ." ಬಿಂದಿಗೆ ಎತ್ತಿಕೊಂಡು ಹೋದಳು.

ಮುಂದಿನ ಬೇಸಿಗೆಗೆ ಸಂಜೀವಿ ಬಂದ. ಅವನು ಬರಲಾರ ಅಂತ ಊರಲ್ಲಿ ಪಂದ್ಯ ಕಟ್ಟಿದ್ದವರಿದ್ದರು. ಅವನು ಹುಣಸೆಮರದ ಕೆಳಗೆ ಇಳಿದ ಮೂರನೇ ದಿನ, ಬೆಳಗಿನ ಹೊತ್ತು, ಗಂಡಸರೆಲ್ಲ ಹೊಲಕ್ಕೆ ಹೋದ ಮೇಲೆ ಅಂಜಿನಮ್ಮ ಒಂದು ಗಂಟು ಹೊತ್ತು, ನಾಗವೇಣಿಯ ಕೈ ಹಿಡಿದು ನನ್ನ ಜಗಲಿಯ ಮುಂದೆ ಹಾದಳು. ತಡೆಯುವವರು ಯಾರೂ ಇರಲಿಲ್ಲ. ನನಗೆ ಒಳಗೆ ಖುಷಿಯೇ ಆಯಿತು. ಕಂಡೂ ಕಾಣದ ಹಾಗೆ ಕಂಬಕ್ಕೆ ಒರಗಿದೆ.

ಮಗು ನಿಂತುಬಿಟ್ಟಿತು. ಎಂಟು ತುಂಬಿದ ಹುಡುಗಿ, ಅಪ್ಪನದೇ ಅಗಲ ಹಣೆ. "ನಾ ಬರಲ್ಲ" ಅಂದಿತು.

"ಬಾರೇ ನಾಗೂ, ಬಿಸಿಲಾಗುತ್ತೆ."

"ಅಪ್ಪ ಬಂದ್ರೆ? ಮನೇಲಿ ಯಾರೂ ಇಲ್ದೇ ಇದ್ರೆ ವಾಪಸ್ ಹೋಗ್ಬುಡುತ್ತೆ."

"ಅಪ್ಪ ಬರಾಕಿಲ್ಲ ಕಣವ್ವ. ಅಪ್ಪ ಇಲ್ಲ."

"ನೀನು ಸುಳ್ಳು. ಅವಯ್ಯನ ಜೊತೆ ಹೋಗೋಕೆ ಹಂಗಂತೀಯ ಅಂತ ಅಜ್ಜಿ ಹೇಳೈತೆ." ಕೈ ಬಿಡಿಸಿಕೊಂಡು ನನ್ನ ಜಗಲಿಗೆ ಓಡಿ ಬಂತು. ಆ ಹೊತ್ತಿಗೆ ಬೀದಿಯ ತಿರುವಿನಲ್ಲಿ ದುರ್ಗವ್ವ ಕಾಣಿಸಿದಳು, ಓಡಿ ಬಂದು ಏದುಸಿರು ಬಿಡುತ್ತಾ. ಎದುರು ಮನೆಯ ಬಾಗಿಲಲ್ಲಿ ಚೌಡಕ್ಕ ಮೊರ ಹಿಡಿದು ನಿಂತಿದ್ದಳು.

"ತಾತ, ಹಕ್ಕಿ ಕೇಳಿ ನೀನೇ ಹೇಳಿದ್ದಂತಲ್ಲ, ನಮ್ಮಪ್ಪ ಬದುಕವ್ನೆ ಅಂತ. ಹೌದಾ ಅಲ್ವಾ?"

ಅಂಜಿನಮ್ಮ ಗಂಟು ಕೆಳಗಿಡಲಿಲ್ಲ. ಬೀದಿಯ ನಡುವೆ ನಿಂತು ನನ್ನ ಬಾಯಿಯನ್ನೇ ನೋಡಿದಳು. ಅವಳು ನನ್ನನ್ನು ಏನನ್ನೂ ಬೇಡಲಿಲ್ಲ. ದುರ್ಗವ್ವನೂ ನೋಡಿದಳು, ಚೌಡಕ್ಕನೂ ನೋಡಿದಳು. ಬೇರೆ ಮನೆಗಳ ಬಾಗಿಲುಗಳೂ ತೆರೆದಿದ್ದವು.

"ಹೂಂ" ಅಂದೆ.

ಮಗು ಕಂಬ ತಬ್ಬಿಕೊಂಡಿತು. ಅಂಜಿನಮ್ಮ ಬಂದು ಅದರ ತಲೆಗೂದಲನ್ನು ಒಂದು ಸಲ ಹಿಂದಕ್ಕೆ ಸವರಿ, ನನ್ನ ಕಡೆ ತಿರುಗದೆ ಹೊರಟಳು. ಅವಳು ಊರು ಬಿಟ್ಟದ್ದು ಅಂದೇ, ಯುಗಾದಿಯ ಹಿಂದಿನ ಗುರುವಾರ, ಜೇನಿನವನ ಸೈಕಲ್ಲಿನ ಹಿಂದೆ ನಡೆದುಕೊಂಡು, ಒಬ್ಬಳೇ.